ಬಿರುಗಾಳಿ ಅಜ್ಜಿ ವೈರು ಕಿತ್ತಳಾ?

"ಅಳೋಕೆ ಕರ್ಚೀಫ್ ರೆಡಿ ಇಟ್ಕೊಂಡಿದ್ದೀಯೇನೋ ಮಗನೇ?"

ಟಿವಿ ಪರದೆಯ ಮೇಲೆ ಈ ಸಾಲು ಮೂಡಿದ್ದೇ ತಡ, ವಾಂಡಾಳ ಮೂಗಿನ ತುದಿ ಕೆಂಪಾಯಿತು.

ಯಾರಿವನು? ಇಷ್ಟು ಕೊಬ್ಬು?

ಹೆಸರು ನೋಡಿದಳು. 'ಮುಂಗೋಪಿ ಕರಡಿ'. ಅದರ ಕೆಳಗೆ ಊರು... ಮಿಲ್ವಾಕಿ! ಅಂದರೆ ಇದೇ ಊರಿನವನು. ಇಲ್ಲೇ ಎಲ್ಲೋ, ನಾಲ್ಕು ಬೀದಿ ಆಚೆಯೋ ನಲವತ್ತು ಬೀದಿ ಆಚೆಯೋ ಕಾಲು ಚಾಚಿಕೊಂಡು ಕೂತು ಹಲ್ಲು ಕಿರಿಯುತ್ತಿದ್ದಾನೆ!

ಅವಳು ಬೌಲಿಂಗ್ ಆಟದ ಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಊರಿನವರು ಆಡಲು ಬಾಡಿಗೆಗೆ ಹಾಕಿ ಬಿಟ್ಟ ಬೆವರು ಬೂಟುಗಳಿಗೆಲ್ಲ ಪೌಡರ್ ಹೊಡೆದು ಈಗಷ್ಟೇ ಮನೆಗೆ ಬಂದಿದ್ದಳು. ಗೇಮ್ ಪೆಟ್ಟಿಗೆಯ ತಲೆ ಮೇಲೆ ಮೋಡೆಮ್ ಕೂರಿಸಿ, ಅದರ ತಲೆ ಮೇಲೆ ಐಸ್‌ಹಾಕಿ ಆಟದ ಕ್ಯಾಸೆಟ್ ಸಿಕ್ಕಿಸಿ, ಗೋಡೆಯಿಂದ ಫೋನಿನ ವೈರು ಎಳೆದು ಚುಚ್ಚಿದ್ದಳು. ಆ ಮೋಡೆಮ್ಮು ಮೊದಲು ಕೇಂದ್ರಕ್ಕೆ ಫೋನ್ ಮಾಡುತ್ತದೆ. ಕೇಂದ್ರದವರು ಅದೇ ಊರಿನಲ್ಲಿ ಆಟಕ್ಕೆ ಕಾದು ಕೂತ ಇನ್ನೊಬ್ಬರನ್ನು ಹುಡುಕಿ ಗಂಟು ಹಾಕುತ್ತಾರೆ. ಆಮೇಲೆ ಒಂದು ಮನೆಯ ಪೆಟ್ಟಿಗೆ ಇನ್ನೊಂದು ಮನೆಯ ಪೆಟ್ಟಿಗೆಗೆ ನೇರವಾಗಿ ಫೋನ್ ಮಾಡುತ್ತದೆ. ನಂಬರು ಮಾತ್ರ ಪೆಟ್ಟಿಗೆಗಳಿಗಷ್ಟೇ ಗೊತ್ತು, ಆಡುವವರಿಗೆ ಕಾಣದು. ಗಂಟು ಯಾರ ಜೊತೆ ಬೀಳುತ್ತದೋ, ಅದು ಹಣೆಬರಹ!

ವಾಂಡಾಳ ಹತ್ತಿರ ಕೀಬೋರ್ಡ್ ಇರಲಿಲ್ಲ. ಆಟದ ಹಿಡಿಕೆಯಿಂದಲೇ ಒಂದೊಂದು ಅಕ್ಷರ ಹುಡುಕಿ, ಒತ್ತಿ, ಹುಡುಕಿ, ಒತ್ತಿ ಉತ್ತರ ಬರೆಯಬೇಕು. ಹಲ್ಲು ಕಚ್ಚಿ ಬರೆದಳು.

"ಮಗ ಅಲ್ಲ. ಅಜ್ಜಿ. ಬಾ."

ಹೌದು, ಈ ಲೋಕದಲ್ಲಿ ಅವಳ ಹೆಸರು 'ಬಿರುಗಾಳಿ ಅಜ್ಜಿ'. ಸುಮ್ಮನೆ ತಮಾಷೆಗೆ ಇಟ್ಟುಕೊಂಡದ್ದು.

ಆಟ ಶುರುವಾಯಿತು. ಮೊದಲ ಗೋಲು ಅಜ್ಜಿಯದು. ಎರಡನೆಯದೂ ಅಜ್ಜಿಯದು. ಮೂರು... ನಾಲ್ಕು... ಕರಡಿ ಒಂದು ಹೊಡೆಯಿತು, ಅಜ್ಜಿ ಐದನೆಯದನ್ನು ತುರುಕಿದಳು!

ವಾಂಡಾ ಈಗ ಬೇರೊಂದಕ್ಕೆ ಕಾದು ಕೂತಳು. ಈ ಆಟದಲ್ಲಿ ಒಂದು ಹೇಸಿಗೆ ಚಾಳಿ ಇತ್ತು. ಸೋಲು ಹತ್ತಿರ ಬಂತು ಅಂದರೆ ಕೆಲವರು ಗೋಡೆಯಿಂದ ಫೋನ್ ವೈರನ್ನೇ ಸರಕ್ಕನೆ ಕಿತ್ತುಬಿಡುತ್ತಿದ್ದರು. ಆಟ ಮುಗಿಯದಿದ್ದರೆ ಸೋಲೂ ಇಲ್ಲವಲ್ಲ! ಇಂಥವರನ್ನು ಎಲ್ಲರೂ 'ವೈರುಗಳ್ಳ' ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ಅಲ್ಲಿರಲಿಲ್ಲ.

ಈಗ ಕೀಳ್ತಾನೆ... ಈಗ ಕಿತ್ತೇ ಬಿಡ್ತಾನೆ...

ಕೀಳಲಿಲ್ಲ! ಐದು ಗೋಲು ತಿಂದು, ಕೊನೆಯ ಗಳಿಗೆಯವರೆಗೂ ನಿಂತು, ಮರ್ಯಾದೆಯಾಗಿ ಸೋತ. ಆಮೇಲೆ ಸಂದೇಶ ಬಂತು.

"ಅಜ್ಜೀ, ಹಲ್ಲಿಲ್ದೇನೇ ಹಿಂಗೆ ಕಚ್ತೀಯಲ್ಲ! ನಾಳೆ ಇದೇ ಹೊತ್ತಿಗೆ ಬರ್ತೀಯಾ?"

ವಾಂಡಾಳಿಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ಕೂತು ಕಿಸಕ್ಕನೆ ನಕ್ಕಳು.

"ಏನೇ ಅದು, ಟಿವಿ ನೋಡ್ಕೊಂಡು ನಗ್ತಿದ್ದೀಯ? ಫೋನ್ ಬಿಡೇ! ನಿನ್ನ ಅಕ್ಕಂಗೆ ಮಾಡ್ಬೇಕು!" ಅಡುಗೆಮನೆಯಿಂದ ಅವಳ ಅಮ್ಮ ಲೂಸಿಲ್ ಕೂಗಿದಳು. ಅಕ್ಕ ಟೆರೀಸ್ ಚೊಚ್ಚಲ ಬಸುರಿ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಏನು ತಿಂದೆ, ಯಾಕೆ ತಿಂದೆ ಎಂದು ವಿಚಾರಿಸದಿದ್ದರೆ ಆ ತಾಯಿಗೆ ಊಟ ಇಳಿಯದು.

ನಾಳೆ ಬಂದಳು. ನಾಡಿದ್ದೂ ಬಂದಳು. ಕರಡಿಯೇ ಬೇಕೆಂದು ಕೇಂದ್ರಕ್ಕೆ ಹೆಸರು ಕೊಟ್ಟು ಚಳಿಗಾಲ ಪೂರ್ತಿ ಬಂದಳು!

ಅವನು ಬಯ್ಯುವುದು, ಇವಳು ಮೂದಲಿಸುವುದು. ಅವನ ಹತ್ತಿರ ಕೀಬೋರ್ಡ್ ಇತ್ತು, ಪಟಪಟ ನಾಲ್ಕು ಸಾಲು ಬರೆಯುವನು. ಇವಳು ಅರ್ಧ ಗಂಟೆ ಬೆರಳು ಸವೆಸಿ ನಾಲ್ಕು ಪದ ಕಳಿಸುವಳು. ಆ ನಾಲ್ಕು ಪದ ಅವನಿಗೆ ಹೇಗೆ ನಾಟುತ್ತಿದ್ದವೋ, ಮಾರನೆಯ ದಿನವೆಲ್ಲ ಅದರದ್ದೇ ಮಾತು.

ಒಂದು ದಿನ ಅವನು ಕೇಳಿದ. "ನಿಜ ಹೇಳು ಅಜ್ಜಿ, ನಿಂಗೆಷ್ಟು ವಯಸ್ಸು?"

"ಇಪ್ಪತ್ಮೂರು."

 ಮಾರನೆಯ ದಿನ ಉತ್ತರ ಬಂತು. "ಅಯ್ಯೋ ದೇವ್ರೇ! ಇಷ್ಟು ದಿನ ವಯಸ್ಸಾದೋಳು ಅಂತ ಮರ್ಯಾದೆ ಕೊಟ್ಟು ಆಡ್ತಿದ್ದೆನಲ್ಲ!"

"ಓಹೋ... ಅದಕ್ಕೇ ಸೋಲ್ತಿದ್ಯಾ?"

ಅವತ್ತಿನಿಂದ ಏನೋ ಬದಲಾಯಿತು. ಬೈಗುಳ ಅದೇ. ಆದರೆ ಬೈಗುಳದ ಕೊನೆಗೆ 'ಊಟ ಆಯ್ತಾ', 'ಇವತ್ತು ಹಿಮ ಜಾಸ್ತಿ, ಜೋಪಾನ' ಎಂದು ಒಂದೊಂದು ಬಾಲ ಸೇರತೊಡಗಿತು. ವಾಂಡಾ ಬೂಟು ಒರೆಸುತ್ತ ಒರೆಸುತ್ತ ಕೈ ನಿಲ್ಲಿಸಿ ಎಲ್ಲೋ ನೋಡುತ್ತ ನಿಂತುಬಿಡುತ್ತಿದ್ದಳು.

ಎಂಥ ವಿಚಿತ್ರ ನೋಡಿ! ದಿನವೂ ಒಂದೇ ಫೋನ್ ಲೈನಿನ ಎರಡು ತುದಿಯಲ್ಲಿ ಕೂರುವ ಇಬ್ಬರು ಒಬ್ಬರ ದನಿ ಒಬ್ಬರು ಕೇಳಿಲ್ಲ. ಹೆಸರು ಗೊತ್ತಿಲ್ಲ. ಕೇಳಲು ಅವನಿಗೆ ಭಯ, ಹೇಳಲು ಇವಳಿಗೆ ನಾಚಿಕೆ. ನಾಳೆ ಇದ್ದೇ ಇದೆಯಲ್ಲ ಎಂಬ ಧೈರ್ಯ ಬೇರೆ.

ಆ ಧೈರ್ಯಕ್ಕೆ ಒಂದು ಮಂಗಳವಾರ ಕಲ್ಲು ಬಿತ್ತು.

ಪೆಟ್ಟಿಗೆ ಹಚ್ಚಿದ ಕೂಡಲೇ ಕೇಂದ್ರದವರ ಪ್ರಕಟಣೆ. ಆಡುವವರು ಸಾಲುತ್ತಿಲ್ಲ, ಈ ಸೇವೆ ಮುಚ್ಚುತ್ತಿದ್ದೇವೆ. ಬರುವ ಭಾನುವಾರ ಸಂಜೆ ಐದಕ್ಕೆ ಕೊನೆ.

ವಾಂಡಾ ಹಿಡಿಕೆ ಕೆಳಗಿಟ್ಟಳು. ಮುಚ್ಚಿದ ಮೇಲೆ? ಕರಡಿಯನ್ನು ಎಲ್ಲಿ ಹುಡುಕಲಿ? ಇಷ್ಟು ದೊಡ್ಡ ಊರಲ್ಲಿ, 'ಮುಂಗೋಪಿ ಕರಡಿ ಮನೆ ಎಲ್ಲಿ' ಅಂತ ಯಾರನ್ನ ಕೇಳಲಿ?

ಅಷ್ಟರಲ್ಲಿ ಅವನದೇ ಸಂದೇಶ ಬಂತು. ಈ ಸಲ ಬೈಗುಳ ಇರಲಿಲ್ಲ.

"ಭಾನುವಾರ ಕೊನೇ ಆಟ ಆಡೋಣ. ಪಂದ್ಯ ಏನಂದ್ರೆ... ನಾನು ಗೆದ್ರೆ, ಶುಕ್ರವಾರ ಸಂಜೆ ಲಿಂಕನ್ ರಸ್ತೆಯ ಸ್ಟಾಷ್ ಬಾರ್‌ಗೆ ಮೀನೂಟಕ್ಕೆ ನೀನು ಬರ್ಬೇಕು. ಪ್ರತಿ ಶುಕ್ರವಾರ ನಾನೂ ನಮ್ಮ ಚಿಕ್ಕಪ್ಪನೂ ಅಲ್ಲೇ ತಿನ್ನೋದು. ನೀನು ಗೆದ್ರೆ ಇನ್ನು ನಿನ್ನ ತಂಟೆಗೆ ಬರಲ್ಲ.

ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ. ನಾನು ಮಾಂಸದ ಸಾಸೇಜ್ ಮಾಡೋ ಕಾರ್ಖಾನೇಲಿ ಕೆಲ್ಸ ಮಾಡೋನು. ಎಷ್ಟು ಸೋಪು ಹಾಕಿ ತಿಕ್ಕಿದ್ರೂ ಕೈಯಿಂದ ಹೊಗೆ, ಬೆಳ್ಳುಳ್ಳಿ ವಾಸ್ನೆ ಹೋಗಲ್ಲ. ಅದಕ್ಕೇ ಹಿಂದೊಮ್ಮೆ ಒಬ್ಳು ಹುಡುಗಿ ಊಟದ ಮಧ್ಯೆ ಎದ್ದು ಹೋಗಿದ್ಲು. ಯೋಚ್ನೆ ಮಾಡಿ ಹೇಳು."

ವಾಂಡಾ ಆ ಸಾಲುಗಳನ್ನು ಎಷ್ಟು ಸಲ ಓದಿದಳೋ! ಪೆದ್ದ... ಎಷ್ಟು ದೊಡ್ಡ ಪೆದ್ದ! ನಾನು ದಿನಾ ಊರಿನವರ ಕಾಲಿನ ವಾಸನೆ ಕುಡಿಯೋಳು, ನಂಗೆ ಬೆಳ್ಳುಳ್ಳಿ ದೊಡ್ಡದಾ?

ಇದನ್ನೇ ಬರೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಡುಗಿಗೆ ಜಂಬ ಬಿಡಬೇಕಲ್ಲ! "ಒಪ್ಪಿದೆ" ಅಂತ ಮಾತ್ರ ಒತ್ತಿ ಕಳಿಸಿದಳು. ಬೇಕೆಂದೇ ಸೋತುಬಿಡಲೇ ಎಂದೂ ಯೋಚಿಸಿದಳು. ಥೂ, ಅವನಿಗೆ ಗೊತ್ತಾಗದೇ ಇರುತ್ತಾ? ಅದೂ ಅಲ್ಲದೆ, ಕೈ ಕೇಳಬೇಕಲ್ಲ!

ಭಾನುವಾರ ಬಂತು. ಬೆಳಿಗ್ಗೆಯೇ ಟೆರೀಸಳಿಗೆ ನೋವು ಶುರು! ಲೂಸಿಲ್ ಕೋಟು ತಿರುವುಮುರುವು ಹಾಕಿಕೊಂಡು ಆಸ್ಪತ್ರೆಗೆ ಓಡುತ್ತ ಬಾಗಿಲಲ್ಲಿ ನಿಂತು ಬೆರಳು ಆಡಿಸಿದಳು.

"ನೋಡೇ, ನಿನ್ನ ಆ ದರಿದ್ರದ ಆಟ ಆಡು, ಬೇಡ ಅನ್ನಲ್ಲ. ಆದ್ರೆ ಕಾಲ್ ವೇಟಿಂಗ್ ಬಂದ್ ಮಾಡಿ ಕೂತ್ಯೋ, ಹುಷಾರ್! ಮಗು ಆದ ತಕ್ಷಣ ಫೋನ್ ಮಾಡ್ತೀನಿ. ಎಂಗೇಜ್ ಬಂದ್ರೆ ನಿನ್ನ ಪೆಟ್ಟಿಗೇನ ಲೇಕ್ ಮಿಶಿಗನ್‌ಗೆ ಎಸೀತೀನಿ!"

ಆಡುವವರಿಗೆಲ್ಲ ಇದು ಬಾಯಿಪಾಠ. ಆಟಕ್ಕೆ ಕೂರುವ ಮುಂಚೆ ಕಾಲ್ ವೇಟಿಂಗ್ ಬಂದ್ ಮಾಡಬೇಕು. ಇಲ್ಲದಿದ್ದರೆ ಮಧ್ಯೆ ಬೇರೆ ಕರೆ ಬಂದು 'ಟಿಣ್' ಅಂದರೂ ಸಾಕು, ಮೋಡೆಮ್ ಗಾಬರಿಯಾಗಿ ಲೈನ್ ಬಿಟ್ಟುಬಿಡುತ್ತದೆ.

ವಾಂಡಾಳ ಬೆರಳು ಕಾಲ್ ವೇಟಿಂಗ್ ಬಂದ್ ಮಾಡುವ ಗುಂಡಿಯ ಮೇಲೆ ನಿಂತಿತು. ಬಂದ್ ಮಾಡಲಾ? ಅಕ್ಕ ಅಲ್ಲಿ ಒದ್ದಾಡುತ್ತಿದ್ದಾಳೆ... ಅಮ್ಮ ಅಷ್ಟು ಹೇಳಿ ಹೋಗಿದ್ದಾಳೆ... ಚೊಚ್ಚಲ ಹೆರಿಗೆ, ಅಷ್ಟು ಬೇಗ ಎಲ್ಲಿ ಆಗುತ್ತೆ? ಆಟ ಮುಗಿಯುವುದಕ್ಕೆ ಎಷ್ಟು ಹೊತ್ತು?

ಬಂದ್ ಮಾಡಲಿಲ್ಲ. ಹಾಗೇ ಬಿಟ್ಟಳು.

ಕೊನೆಯ ದಿನವೆಂದು ಕೇಂದ್ರದ ಲೈನಿಗೆ ದೇಶವೇ ಮುಗಿಬಿದ್ದಿತ್ತು. ಇಬ್ಬರಿಗೂ ಗಂಟು ಬೀಳುವಾಗ ನಾಲ್ಕೂವರೆ.

"ಬಂದ್ಯಾ ಅಜ್ಜಿ?"

"ಬಂದೆ."

"ಮಧ್ಯಾಹ್ನದ ಊಟಾನೂ ಸೇರ್ಲಿಲ್ಲ ನಂಗೆ."

ನನಗೂ, ಅಂದುಕೊಂಡಳು ವಾಂಡಾ. ಬರೆಯಲು ಹೊತ್ತಿರಲಿಲ್ಲ.

ಎಂಥ ಆಟ ಅದು! ಕರಡಿ ಒಂದು, ಅಜ್ಜಿ ಒಂದು. ಅಜ್ಜಿ ಎರಡು! ಕರಡಿ ಎರಡು! ವಾಂಡಾ ಸೋಫಾದಿಂದ ಕೆಳಗಿಳಿದು ಟಿವಿಗೆ ಮೂಗು ತಾಗಿಸಿ ಕೂತಿದ್ದಳು. ಗಳಿಗೆ ಓಡುತ್ತಿತ್ತು. ಆಗ ಅವನ ಆಟಗಾರ ಬಲಗಡೆಯಿಂದ ಜಾರಿ ಬಂದು ಅವಳ ಗೋಲ್‌ಕೀಪರನ ಕಾಲ ಸಂದಿಯಲ್ಲಿ ನುಗ್ಗಿಸಿಯೇ ಬಿಟ್ಟ!

ಮೂರು-ಎರಡು.

ಎದೆಯೊಳಗೆ ಸಿಡಿಮದ್ದು ಹೊಡೆದಂತಾಯಿತು ಅವಳಿಗೆ. ಸೋಲುತ್ತಿದ್ದೇನೆ! ಶುಕ್ರವಾರ ಹೋಗಬೇಕಾಗುತ್ತೆ! ನೀಲಿ ಸ್ವೆಟರ್ ಹಾಕಲಾ? ಕೂದಲು ಬಿಡಲಾ, ಕಟ್ಟಲಾ? ಕೈ ಮಾತ್ರ ತನ್ನ ಪಾಡಿಗೆ ಗೋಲಿಗಾಗಿ ಹೋರಾಡುತ್ತಿತ್ತು, ಮನಸ್ಸು ಆಗಲೇ ಸ್ಟಾಷ್ ಬಾರಿನ ಬಾಗಿಲಲ್ಲಿತ್ತು.

ಪರದೆ ನಿಂತುಹೋಯಿತು.

ಆಟಗಾರರೆಲ್ಲ ಇದ್ದಲ್ಲೇ ಮರಗಟ್ಟಿದರು. 'ಸಂಪರ್ಕ ಕಡಿದಿದೆ.'

"ಇಲ್ಲ... ಇಲ್ಲ ಇಲ್ಲ ಇಲ್ಲ!"

ಟ್ರಿಣ್ ಟ್ರಿಣ್ ಎಂದು ಫೋನ್ ಬಡಿದುಕೊಂಡಿತು.

"ವಾಂಡಾ! ಹೆಣ್ಣೇ, ಹೆಣ್ಣು ಮಗು! ತಲೆ ತುಂಬ ಕೂದ್ಲು ಕಣೇ! ಟೆರೀಸ್ ಚೆನ್ನಾಗಿದ್ದಾಳೆ!" ಆಸ್ಪತ್ರೆಯ ಫೋನಿನಿಂದ ಲೂಸಿಲ್ ಕಿರುಚುತ್ತಿದ್ದಳು. "ಯಾಕೇ? ಅಳ್ತಿದ್ದೀಯಾ?"

"ಹೂಂ ಅಮ್ಮಾ... ಖುಷಿಗೆ..."

ಸುಳ್ಳಲ್ಲ. ಖುಷಿಗೂ ಅತ್ತಳು. ಒಂದೇ ಕಣ್ಣಿನಲ್ಲಿ ಎರಡು ಬಗೆಯ ನೀರು!

ಫೋನ್ ಇಟ್ಟವಳೇ ಪೆಟ್ಟಿಗೆ ಹಚ್ಚಿದಳು. ಎಂಗೇಜ್. ಮತ್ತೆ. ಎಂಗೇಜ್. ಐದಕ್ಕೆ ಇನ್ನೇನು ಕೆಲವೇ ನಿಮಿಷ ಎನ್ನುವಾಗ ಒಮ್ಮೆ ಕೇಂದ್ರದ ಲೈನ್ ಸಿಕ್ಕಿತು. ಅವನು ಬರೆದಿಟ್ಟ ಸಂದೇಶ ಅಲ್ಲಿ ಕಾದಿತ್ತು.

"ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ವೈರು ಕೀಳ್ಬಾರ್ದಿತ್ತು. ಚೆನ್ನಾಗಿರು."

ಅಯ್ಯೋ!

ಸೋಲುವ ಹೊತ್ತಿಗೆ ಕಿತ್ತಳು ಅಂದುಕೊಂಡ. ಬೆಳ್ಳುಳ್ಳಿ ಕೈಯವನ ಜೊತೆ ಕೂತು ತಿನ್ನುವುದು ಬೇಡವೆಂದು ಕಿತ್ತಳು ಅಂದುಕೊಂಡ!

ಹಿಡಿಕೆ ಹಿಡಿದು ಅಕ್ಷರ ಹುಡುಕತೊಡಗಿದಳು. 'ನಾನು'... ಬೆರಳು ಜಾರಿತು, ಅಳಿಸಿ ಮತ್ತೆ ಬರೆದಳು... 'ನಾನು ಕಿತ್ತಿಲ್ಲ'... ಕಳಿಸು! ಎಂಗೇಜ್. ಕಳಿಸು! ಎಂಗೇಜ್.

ಅಡುಗೆಮನೆಯ ಗಡಿಯಾರ ಐದು ಹೊಡೆಯಿತು. ಆಮೇಲೆ ಕೇಂದ್ರದ ನಂಬರಿನಲ್ಲಿ ಯಾರೂ ಎತ್ತಲಿಲ್ಲ.

ಆ ವಾರ ವಾಂಡಾ ಮಗುವನ್ನು ಎತ್ತಿಕೊಂಡಳು, ಮುದ್ದಿಸಿದಳು, ಆದರೆ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗೆ. ಗುರುವಾರ ಲೂಸಿಲ್ ಬಿಡಲಿಲ್ಲ, ಬಾಯಿ ಬಿಡಿಸಿದಳು. ಎಲ್ಲ ಕೇಳಿ ಗಲ್ಲದ ಮೇಲೆ ಕೈ ಇಟ್ಟಳು.

"ಅಂದ್ರೆ... ನನ್ನ ಫೋನಿಂದ ಆಗಿದ್ದಾ ಇದು?"

"ಕಾಲ್ ವೇಟಿಂಗ್ ಬಂದ್ ಮಾಡ್ದೇ ಇದ್ದೋಳು ನಾನೇ ಅಮ್ಮ."

"ಸರಿ, ಆ ಬಾರು ಗೊತ್ತಲ್ಲ, ನಾಳೆ ಶುಕ್ರವಾರ. ಹೋಗು!"

"ಹೆಂಗೆ ಹೋಗ್ಲಿ? ಅವ್ನು ಗೆದ್ರೆ ತಾನೇ ಹೋಗೋದು? ಆಟಾನೇ ಮುಗ್ದಿಲ್ಲ. ನನ್ನ ಮೋಸಗಾತಿ ಅಂದ್ಕೊಂಡಿದ್ದಾನೆ. ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದು ಒಂದೇ ಮುಖ. ತೊಳ್ಕೊಂಡು ಹೋಗು!"

ಹೋದಳು! ನೀಲಿ ಸ್ವೆಟರ್ ಹಾಕಿಕೊಂಡು, ಕೂದಲು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಹೋದಳು.

ಸ್ಟಾಷ್ ಬಾರಿನಲ್ಲಿ ಕಾಲಿಡಲು ಜಾಗವಿಲ್ಲ. ಕರಿದ ಮೀನಿನ ಘಮ, ಆಲೂಗಡ್ಡೆ ದೋಸೆಯ ಹೊಗೆ, ಬ್ರಾಂದಿ ಲೋಟಗಳ ಟಣಟಣ. ಮೇಜು ಮೇಜಿಗೂ ಗಂಡಸರು. ಇವರಲ್ಲಿ ಯಾರು? ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ... ಗೊತ್ತಿರುವುದು ಒಂದೇ ಹೆಸರು.

ಬೇಡ, ವಾಪಸ್ ಹೋಗಿಬಿಡಲಾ?

ಉಸಿರು ಎಳೆದುಕೊಂಡಳು. ಕಣ್ಣು ಮುಚ್ಚಿದಳು.

"ಇಲ್ಲಿ ಮುಂಗೋಪಿ ಕರಡಿ ಯಾರು?"

ಬಾರಿಗೆ ಬಾರೇ ತಿರುಗಿ ನೋಡಿತು. ಮರುಗಳಿಗೆ ಮೂರು ಮೇಜಿನಿಂದ ಮೂರು ಹೆಂಗಸರು ಒಟ್ಟಿಗೇ ತಮ್ಮ ತಮ್ಮ ಗಂಡಂದಿರ ಕಡೆ ಬೆರಳು ತೋರಿಸಿದರು!

"ಕರ್ಕೊಂಡ್ ಹೋಗಮ್ಮ, ಪುಣ್ಯ ಬರುತ್ತೆ!" ಎಂದಳು ಒಬ್ಬಳು. ನಗುವೋ ನಗು.

ವಾಂಡಾ ನಗಲಿಲ್ಲ. ಯಾಕೆಂದರೆ ಮೂಲೆಯ ಮೇಜಿನಲ್ಲಿ ಒಬ್ಬ ಉದ್ದನೆಯ ಯುವಕ, ಅರ್ಧ ತಿಂದ ತಟ್ಟೆ ಬಿಟ್ಟು ಎದ್ದು, ಕೋಟು ಎಳೆದುಕೊಂಡು, ಹಿಂದಿನ ಬಾಗಿಲ ಕಡೆ ದಡಬಡ ಹೊರಟಿದ್ದ. ಅವನ ಎದುರಿಗಿದ್ದ ಮುದುಕ, "ಲೇ ನಾರ್ಬರ್ಟ್, ಎಲ್ಲಿಗೋ? ಮೀನು ಆರೋಗುತ್ತೆ!" ಎಂದು ಕೂಗುತ್ತಿದ್ದ.

ಅವನೇ! ಅವನಲ್ಲದೆ ಇನ್ಯಾರು ಓಡ್ತಾರೆ?

ವಾಂಡಾ ಕುರ್ಚಿ ತಪ್ಪಿಸಿ, ಟ್ರೇ ತಪ್ಪಿಸಿ, ಯಾರದೋ ಕಾಲು ತುಳಿದು ಓಡಿದಳು. ಅವನ ಕೈ ಬಾಗಿಲಿನ ಹಿಡಿಯ ಮೇಲಿತ್ತು.

"ಏಯ್! ಈಗ ವೈರು ಕೀಳ್ತಿರೋದು ಯಾರು?"

ಅವನು ನಿಂತ. ತಿರುಗಲಿಲ್ಲ. ಕಿವಿಗಳು ಮಾತ್ರ ಕೆಂಪಗಾದವು.

"ಐದು ಗೋಲು ತಿಂದ್ರೂ ಕೀಳ್ದೇ ಇದ್ದೋರು... ಇವತ್ತು ನನ್ನ ದನಿ ಕೇಳಿ ಓಡ್ತೀರಾ?" ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. "ನಾನು ಬಿರುಗಾಳಿ ಅಜ್ಜಿ."

ಅವನು ನಿಧಾನಕ್ಕೆ ತಿರುಗಿದ. ಎರಡೂ ಕೈ ಸರ್ರನೆ ಕೋಟಿನ ಜೇಬಿಗೆ ಹೋದವು.

"ಯಾಕೆ ಬಂದ್ರಿ?" ದನಿ ಮೆತ್ತಗಿತ್ತು, ಸ್ವಲ್ಪ ಒಡೆದಿತ್ತು. "ಪಂದ್ಯದಿಂದ ತಪ್ಪಿಸ್ಕೊಂಡ್ರಲ್ಲ."

"ತಪ್ಪಿಸ್ಕೊಂಡಿಲ್ಲ! ನಮ್ಮಕ್ಕಂಗೆ ಹೆರಿಗೆ ಇತ್ತು. ಅಮ್ಮನ ಫೋನ್ ಬರ್ಬೇಕಿತ್ತು, ಅದಕ್ಕೆ ಕಾಲ್ ವೇಟಿಂಗ್ ಬಂದ್ ಮಾಡಿರ್ಲಿಲ್ಲ. ನೀವು ಮೂರ್ನೇದು ಹೊಡೆದ ಮೇಲೆ ಟಿಣ್ ಅಂತು, ಹೋಯ್ತು. ಹೆಣ್ಣು ಮಗು. ತಲೆ ತುಂಬ ಕೂದ್ಲು. ಆಮೇಲೆ ಐದರ ತನಕ ಒತ್ತಿದೆ ಒತ್ತಿದೆ, ಲೈನೇ ಸಿಗ್ಲಿಲ್ಲ..."

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಬಾರಿನವರೆಲ್ಲ ಫೋರ್ಕು ಎತ್ತಿ ಹಿಡಿದು ಇತ್ತಲೇ ಕಿವಿ ಕೊಟ್ಟಿದ್ದರು.

"ಇದನ್ನ ಯಾರು ಬೇಕಾದ್ರೂ ಹೇಳ್ಬೋದು" ಅಂದ ನಾರ್ಬರ್ಟ್. "ವೈರು ಕಿತ್ತೋರೆಲ್ಲ ಕಾಲ್ ವೇಟಿಂಗ್ ಅಂತಾನೇ ಹೇಳೋದು."

"ಗೊತ್ತು." ವಾಂಡಾ ಕಣ್ಣೊರೆಸಿಕೊಂಡಳು. "ಅದಕ್ಕೇ ನಂಬಿ ಅಂತ ಕೇಳ್ತಿಲ್ಲ. ಒಂದೇ ಒಂದು ಕೇಳ್ತೀನಿ, ಉತ್ತರ ಕೊಡಿ. ನೀವು ಗೆದ್ರೆ ತಾನೇ ನಾನು ಬರ್ಬೇಕಾಗಿದ್ದು?"

"ಹೌದು."

"ಗೆದ್ರಾ?"

"...ಇಲ್ಲ. ಆಟ ಮುಗೀಲಿಲ್ಲ."

"ಮತ್ತೆ ನಾನ್ಯಾಕೆ ಬಂದೆ?"

ನಾರ್ಬರ್ಟ್ ಬಾಗಿಲು ಬಿಟ್ಟು ಒಂದು ಹೆಜ್ಜೆ ಇತ್ತ ಬಂದ.

"ಸೋತಿದ್ರೆ ಮಾತಿಗೆ ಕಟ್ಟುಬಿದ್ದು ಬಂದ್ಲು ಅಂದ್ಕೋಬೋದಿತ್ತು. ನಾನು ಸೋಲ್ದೇ ಬಂದಿದ್ದೀನಿ." ಅವಳ ದನಿ ಈಗ ಅವನಿಗೆ ಮಾತ್ರ ಕೇಳುವಷ್ಟಿತ್ತು. "ಕರಡಿಗಳಿಗೆ ಎಷ್ಟು ಬಿಡಿಸಿ ಹೇಳ್ಬೇಕು?"

ಅವನ ಮುಖದ ಮೇಲೆ ಮೆಲ್ಲಮೆಲ್ಲಗೆ ಅರ್ಥ ಮೂಡಿದ್ದನ್ನು ಅವಳು ನೋಡಿದಳು. ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಸರಿದುಹೋಯಿತು!

"ಅಳಿಸ್ಬೇಡ್ವೋ ಹುಡುಗೀನ! ಕೂರ್ಸು!" ಚಿಕ್ಕಪ್ಪ ಮೂಲೆಯಿಂದ ಗದರಿದ. "ಇನ್ನೊಂದು ತಟ್ಟೆ ಮೀನು ತನ್ನಿ ಇಲ್ಲಿ!"

ಇಬ್ಬರೂ ಬಂದು ಕೂತರು. ಅವನ ಕೈ ಇನ್ನೂ ಜೇಬಿನಲ್ಲೇ.

"ಕೈ ಇಲ್ದೇ ಹೆಂಗೆ ತಿಂತೀರಿ?"

"ವಾಸ್ನೆ..."

ವಾಂಡಾ ಅವನ ಮಣಿಕಟ್ಟು ಹಿಡಿದು ಜೇಬಿನಿಂದ ಕೈ ಎಳೆದಳು. ಒರಟು ಕೈ, ಬೆಚ್ಚಗಿತ್ತು. ಬೆಳ್ಳುಳ್ಳಿ ವಾಸನೆ ಇತ್ತು, ಹೌದು, ಹೊಗೆಯದೂ ಇತ್ತು. ತನ್ನೆರಡು ಕೈಗಳ ನಡುವೆ ಅದನ್ನು ಹಾಗೇ ಇಟ್ಟುಕೊಂಡಳು. ಬಿಡಬೇಕು ಅನ್ನಿಸಲೇ ಇಲ್ಲ.

"ನನ್ನ ಹೆಸ್ರು ವಾಂಡಾ."

"ನಾರ್ಬರ್ಟ್. ನಗ್ಬೇಡಿ, ನಮ್ಮ ತಾತನ ಹೆಸ್ರು."

ನಕ್ಕೇ ನಕ್ಕಳು. ಅವನೂ ನಕ್ಕ. ನಗು ನಿಂತ ಮೇಲೆ ಅವನು ಅವಳ ಮುಖವನ್ನೇ ನೋಡುತ್ತ, ಹೇಳಲೋ ಬೇಡವೋ ಎಂದು ತಡವರಿಸಿ ಹೇಳಿದ.

"ವಾಂಡಾ... ಆ ಭಾನುವಾರ ಲೈನ್ ಕಡಿದಾಗ ಗೆಲುವು ತಪ್ಪೋಯ್ತು ಅಂತ ಬೇಜಾರಾಗಿದ್ದಲ್ಲ. ಇನ್ನು ನಿನ್ನ ಜೊತೆ ಜಗಳ ಆಡೋಕೆ ಆಗಲ್ವಲ್ಲ ಅಂತ ಅತ್ತೆ. ನಂಗೆ ನೀನಂದ್ರೆ ಪ್ರಾಣ."

 ಅವಳು ಆ ಕೈಯನ್ನು ಇನ್ನಷ್ಟು ಬಿಗಿ ಹಿಡಿದಳು.

"ಪೆಟ್ಟಿಗೆ ಸತ್ತೋಯ್ತು" ಅಂದ ಅವನು. "ಇನ್ಮೇಲೆ ದಿನಾ ಹೆಂಗೆ ಮಾತಾಡೋದು?"

"ಫೋನ್ ಮಾಡು. ಮನುಷ್ಯರು ಮಾಡೋ ಥರ."

"ಫೋನಲ್ಲಾ?" ಅವನು ಗಾಬರಿಯಾದ. "ನಂಗೆ ಟೈಪ್ ಮಾಡಿ ಅಭ್ಯಾಸ. ಫೋನಲ್ಲಿ ಏನ್ ಮಾತಾಡ್ಬೇಕು ಅಂತಾನೇ ತೋಚಲ್ಲ."

"'ಹಲೋ' ಅನ್ನು ಸಾಕು" ಎಂದಳು ವಾಂಡಾ. "ಚಳಿಗಾಲ ಪೂರ್ತಿ ಒಂದೊಂದೇ ಅಕ್ಷರ ಒತ್ತಿ ಒತ್ತಿ ನಂಗೆ ಸಾಕಾಗಿದೆ. ಮಿಕ್ಕಿದ್ದೆಲ್ಲ ನಾನೇ ಮಾತಾಡ್ತೀನಿ."